ಪಿಸ್ತೂಲಿನ ದೋಷವೋ, ನಮ್ಮ ಅಲಕ್ಷ್ಯವೋ?

1911ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸೈನ್ಯದವರು ಬ್ರೌನಿಂಗ್ ಮಹಾಶಯನು ರಚಿಸಿದ ಕೋಲ್ಟ್ ಪಿಸ್ತೂಲನ್ನು ಪರೀಕ್ಷಿಸಿದಾಗ, ಅದು 6000 ಗುಂಡುಗಳನ್ನು ತಡೆಯಿಲ್ಲದೆ ಹಾರಿಸಿತು. ನಡುನಡುವೆ ಅದನ್ನು ಶುಚಿಮಾಡಿ ಎಣ್ಣೆ ಹಾಕಿದ್ದರೆಂಬುದನ್ನು ಮರೆಯಲಾಗದು. ಅಂತಹ ಯಂತ್ರವೇ ಕಾವಲುಗಾರನ ಕೈಯಲ್ಲಿ ಸಿಕ್ಕಿಕೊಳ್ಳುವುದೇಕೆ? ಮ್ಯಾಗಜಿನ್ನಿನ ಸ್ಪ್ರಿಂಗು ಸೊರಗಿದರೆ ಹೊಸ ತೋಟಾ ಮೇಲೇರದು; ಒಳಗೆ ಮಸಿ ಕಟ್ಟಿದರೆ ಖಾಲಿ ತೋಟಾ ಹೊರಬೀಳದು; ಹಿಡಿದ ಕೈ ಸಡಿಲವಾದರೂ ಯಂತ್ರವು ತೊಡರುವುದುಂಟು. ಕುದುರೆಯನ್ನೆಳೆದರೂ ಗುಂಡು ಹಾರದಿದ್ದಲ್ಲಿ, ನಳಿಗೆಯನ್ನು ನಿರಪಾಯವಾದ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾಯತಕ್ಕದ್ದು. ಒಳಗೆ ಇಣುಕುವುದು ಸರ್ವಥಾ ಕೂಡದು.

ಆಯುಧವನ್ನು ಕೊಟ್ಟು, ಎಣ್ಣೆಯನ್ನೂ ಅಭ್ಯಾಸದ ತೋಟಾಗಳನ್ನೂ ಕೊಡದಿರುವುದು ಮಿತವ್ಯಯವಲ್ಲ. ಕಾವಲುಗಾರನ ಪ್ರಾಣವನ್ನು ಒತ್ತೆಯಿಡುವುದು. ಅಧಿಕಾರಿಗಳು ದಫ್ತರದ ಲೆಕ್ಕವನ್ನಷ್ಟೇ ಅಲ್ಲದೆ, ಪೆಟ್ಟಿಗೆಯೊಳಗಿನ ಆಯುಧವನ್ನೂ ತೆರೆದು ನೋಡಲೆಂದು ನಾವು ಒತ್ತಿ ಹೇಳುತ್ತೇವೆ.