ಕರಗಿದ ಲೋಹವೂ ವಿದ್ಯಾರ್ಥಿಯ ಕರ್ತವ್ಯವೂ

ಕಬ್ಬಿಣಕ್ಕೆ ತಕ್ಕಷ್ಟು ಇಂಗಾಲ ಸೇರಿದರೆ ಉಕ್ಕಾಗುವುದೆಂಬುದನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಆದರೆ ಅಲ್ಯೂಮಿನಿಯಮ್ಮಿಗೆ ಇಂಗಾಲವನ್ನು ಸೇರಿಸುವುದು ಸುಲಭವಲ್ಲ. 660 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುವ ಆ ಲೋಹವು ಇಂಗಾಲದ ಪುಡಿಯನ್ನು ಒಲ್ಲದು. ಶಾಖವನ್ನು ಇನ್ನೂ ಬಹಳ ಏರಿಸಿದರೆ ಅವೆರಡೂ ಕೂಡಿ ಕಾರ್ಬೈಡೆಂಬ ಪೆಡಸು ವಸ್ತುವಾಗುವುದು. ಅದು ನೀರು ತಾಗಿದರೆ ಕೆಡುವುದು.

ಈ ತೊಡಕಿಗೆ ಅಮೆರಿಕದಲ್ಲಿ ಒಂದು ಉಪಾಯ ಹುಟ್ಟಿತು. ಕರಗಿದ ಲೋಹದಲ್ಲಿ ಇಂಗಾಲದ ಪುಡಿಯನ್ನು ಕಲಕುತ್ತ, ಅದರೊಳಗೆ ಪ್ರಬಲವಾದ ವಿದ್ಯುತ್ಪ್ರವಾಹವನ್ನು ಹಾಯಿಸುವುದೇ ಆ ಉಪಾಯ. ಆಗ ಇಂಗಾಲವು ಅತಿಸೂಕ್ಷ್ಮವಾದ ಎಳೆಗಳಾಗಿ ಲೋಹದೊಡನೆ ಹೆಣೆದುಕೊಳ್ಳುವುದೆಂದೂ, ಲೋಹದ ಬಲವೂ ವಿದ್ಯುದ್ವಾಹಕ ಶಕ್ತಿಯೂ ಹೆಚ್ಚುವುವೆಂದೂ ಅದರ ಪ್ರತಿಪಾದಕರು ಹೇಳುತ್ತಾರೆ. ಈ ವಸ್ತುವಿಗೆ 'ಕೊವೆಟಿಕ್' ಎಂದು ಹೆಸರು. ಇದು ನಿಜವಾದರೆ ತಂತಿಗಳಲ್ಲಿ ವ್ಯರ್ಥವಾಗುವ ವಿದ್ಯುತ್ತು ಉಳಿಯುವುದು. ಆದರೆ ಎಲ್ಲ ಪ್ರಯೋಗಾಲಯಗಳ ಫಲವೂ ಒಂದೇ ಬಗೆಯಾಗಿಲ್ಲ.

ಹೊಸದೆಂದು ಹೊಗಳುವುದೂ ಸುಲಭ, ನಮ್ಮಲ್ಲಿ ಹಿಂದೆಯೇ ಇತ್ತೆಂದು ಬೀಗುವುದೂ ಸುಲಭ. ಮೈಸೂರು ಸೀಮೆಯ ಕಮ್ಮಾರರು ಮೂಸೆಯಲ್ಲಿ ಕಬ್ಬಿಣದೊಡನೆ ಕಟ್ಟಿಗೆಯ ಚೂರನ್ನೂ ಎಲೆಯನ್ನೂ ಇಟ್ಟು, ಮಣ್ಣಿನಿಂದ ಮುಚ್ಚಿ, ಉತ್ತಮವಾದ ಉಕ್ಕನ್ನು ಮಾಡುತ್ತಿದ್ದರು. ಇಂಗ್ಲಿಷಿನ 'ವೂಟ್ಸ್' ಶಬ್ದವು ನಮ್ಮ 'ಉಕ್ಕಿ'ನಿಂದಲೇ ಹುಟ್ಟಿತೆಂದು ಹಲವು ವಿದ್ವಾಂಸರ ಮತ. 1819ರಲ್ಲಿ ಫ್ಯಾರಡೆಯು ಈ ಉಕ್ಕನ್ನು ಪರೀಕ್ಷಿಸಿ, ಅಲ್ಯೂಮಿನಿಯಮ್ಮಿನ ಅಂಶವೇ ಅದರ ಹಿರಿಮೆಗೆ ಕಾರಣವೆಂದು ಭಾವಿಸಿದನು. ಆ ಹಿರಿಮೆಯ ಮೂಲವು ಇಂಗಾಲವೆಂದು ಮುಂದೆ ತಿಳಿಯಿತು. ಅಂತಹ ಮಹಾವಿಜ್ಞಾನಿಯ ಮಾತಿಗೂ ಮರುಪರೀಕ್ಷೆ ಬೇಕಾಯಿತು! ಇತ್ತ ನಮ್ಮ ಕಮ್ಮಾರರ ಜಾಣ್ಮೆಯೋ, ಅವರ ಕೈಯಿಂದ ಬರಹಕ್ಕೆ ಇಳಿಯದೆ, ಕುಲುಮೆಗಳು ಆರಿದಾಗ ಬಹುಪಾಲು ಅಳಿದುಹೋಯಿತು.

ನಾಗಪುರದಲ್ಲಿ ಓದುವ ಕನ್ನಡ ಮಕ್ಕಳಿಗೆ ಈ ವಿಚಾರ ದೂರದ್ದಲ್ಲ. ಅಲ್ಯೂಮಿನಿಯಮ್ಮಿನ ಸಂಶೋಧನೆಗೆಂದೇ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಕೇಂದ್ರವು ಇಲ್ಲಿಯೇ ಇದೆ. 1960ರಲ್ಲಿ ಆರಂಭವಾದ ಇಲ್ಲಿನ ಇಂಜಿನಿಯರಿಂಗ್ ವಿದ್ಯಾಲಯವು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಬೆಳೆಸಿದ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ. ಆ ಹೆಸರನ್ನು ಕಂಡು ಹೆಮ್ಮೆಪಟ್ಟರಷ್ಟೇ ಸಾಲದು.

ಶಾಲೆಯ ಪ್ರಯೋಗದಲ್ಲಿ ಬಂದ ಅಂಕಿಯನ್ನು ಪುಸ್ತಕದ ಅಂಕಿಗೆ ಸರಿಹೊಂದುವಂತೆ ತಿದ್ದುವ ಚಾಳಿ ವಿದ್ಯಾರ್ಥಿಗಳಲ್ಲಿ ಉಂಟು. ಇದು ಸಣ್ಣ ದೋಷವೆಂದು ತೋರಬಹುದು; ಆದರೆ ವಿಜ್ಞಾನದ ಬೇರಿಗೆ ಹತ್ತುವ ಹುಳು ಇದೇ ಎಂದು ನನ್ನ ಅಭಿಪ್ರಾಯ. ಮಿತ್ರರೇ, ಕಂಡುದನ್ನು ಕಂಡಂತೆಯೇ ಬರೆದಿಡೋಣ. ಇನ್ನೊಬ್ಬರು ಅದನ್ನೇ ಮಾಡಿ ನೋಡುವಂತೆ ಬರೆಯೋಣ. ನಾಳೆ ಕೊವೆಟಿಕ್ಕಿನ ಸತ್ಯಾಸತ್ಯವನ್ನು ನಿರ್ಣಯಿಸುವ ಕೈ ನಮ್ಮಲ್ಲೊಬ್ಬರದಾಗಬಹುದು. ಆ ಕೈ ಇಂದೇ ಪ್ರಾಮಾಣಿಕವಾಗಿರಬೇಕು.