ಎಸೆಯಬೇಕಾದ್ದು ಯಾರ ಸಾಮಾನು?

1997ರಲ್ಲಿ ಹೊನ್ನಾಳಿ ತಾಲ್ಲೂಕಿನ ಜೊತೆ ನಮ್ಮ ನ್ಯಾಮತಿಯೂ ಶಿವಮೊಗ್ಗ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿತು. ಒಂದು ಚಮಚವನ್ನೂ ಕಟ್ಟಬೇಕಾಗಲಿಲ್ಲ. ಮೊನ್ನೆ ನಾವು ಶಿವಮೊಗ್ಗಕ್ಕೆ ಮನೆ ಬದಲಿಸುವಾಗ ಆದ ರಂಪ ಮಾತ್ರ ಹೇಳತೀರದು. "ವರ್ಷದಿಂದ ಮುಟ್ಟದ್ದನ್ನೆಲ್ಲ ಎಸೆ" ಎಂದು ಇವರ ಅಪ್ಪಣೆ. ಕಣ್ಣಿಗೆ ಬಿದ್ದದ್ದೇನು? ಅತ್ತೆ ಹೊಲಿದ ಕೌದಿ, ನನ್ನ ಉಪ್ಪಿನಕಾಯಿ ಭರಣಿಗಳು, ಒರಳುಕಲ್ಲು. ಇವರ ಹಳೇ ರಸೀದಿಗಳ ಟ್ರಂಕು ಮಾತ್ರ ದಾಖಲೆಯಂತೆ! ಅದನ್ನು ಮುಟ್ಟಿ ಎಷ್ಟು ವರ್ಷವಾಯಿತೋ. ಬೇಡದ್ದು ಯಾವುದೆಂದು ಹೇಳುವ ಹಕ್ಕು ಗಂಟು ಕಟ್ಟುವವಳಿಗೆ ಬೇಡವೇ, ಸೋದರಿಯರೇ?

ಒರಳನ್ನು ನಾನೇ ಬಿಟ್ಟೆ, ಹೊರುವವರಿಲ್ಲ. ಕೌದಿ ಬಿಡಲಿಲ್ಲ, ಅತ್ತೆಯ ಮದುವೆ ಸೀರೆಯ ತುಂಡು ಅದರಲ್ಲಿದೆ. ಭರಣಿಗಳಿಗೆ ಬೇಳೆ ತುಂಬಿ ಅದರಲ್ಲೇ ಸುತ್ತಿದೆ. ಒಂದೂ ಒಡೆಯಲಿಲ್ಲ. ಇವರು ರಟ್ಟಿನ ಡಬ್ಬಿಗೆ ತುಂಬಿದ ಆರು ಗಾಜಿನ ಲೋಟಗಳಲ್ಲಿ ಉಳಿದದ್ದು ಎರಡು.

ಟ್ರಂಕು ಬೀಗ ಸಮೇತ ಮಂಚದ ಕೆಳಗಿದೆ.