ಕುದುರೆಯ ಓಟ, ಯಾರ ಗಂಟು?

ಕಳೆದ ಚಳಿಗಾಲದಲ್ಲಿ ವಿದ್ಯಾರ್ಥಿಗಳನ್ನು ಹಂಪಿಗೆ ಕರೆದೊಯ್ದಿದ್ದೆ. ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳಲ್ಲಿ ಸಾಲುಗಟ್ಟಿ ನಿಂತ ಕುದುರೆಗಳನ್ನು ತೋರಿಸುತ್ತಿದ್ದಾಗ ಹೊಸಪೇಟೆಯ ಹುಡುಗನೊಬ್ಬ ಕೇಳಿದ: “ಸರ್, ಇಷ್ಟು ಕುದುರೆಗಳನ್ನು ಕಂಡ ಸೀಮೆಯಲ್ಲಿ ಒಂದು ರೇಸ್‌ಕೋರ್ಸ್ ಏಕಿಲ್ಲ? ಕಟ್ಟಿದರೆ ನೋಡಲು ಜನ ಬರುತ್ತಾರೆ, ಹಾಕಿದ ದುಡ್ಡು ಹುಟ್ಟುತ್ತದೆ.” ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ; ಪ್ರಶ್ನೆ ನಗುವಂಥದ್ದಾಗಿರಲಿಲ್ಲ.

ವಿಜಯನಗರಕ್ಕೆ ಕುದುರೆಯೆಂದರೆ ಬರಿಯ ಶೋಭೆಯಲ್ಲ, ರಾಜ್ಯದ ಪ್ರಾಣ. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸನಾದ ನ್ಯೂನಿಜ್ ಬರೆದಿದ್ದಾನೆ. ಅವನೇ ಹೇಳುವ ಇನ್ನೊಂದು ಸಂಗತಿ ಹೆಚ್ಚು ಅರ್ಥಗರ್ಭಿತವಾದುದು. ಸಾಳುವ ನರಸಿಂಹನು ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಕಡಲಿನಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಲಾಭ ವರ್ತಕನದು, ನಷ್ಟ ಬೊಕ್ಕಸದ್ದು. ಬೊಕ್ಕಸವನ್ನು ತುಂಬಿದವನು ಹೊಲ ಉತ್ತ ರೈತ. ಮಹಾನವಮಿಯಂದು ಅರಸನೆದುರು ಶೃಂಗರಿಸಿದ ಕುದುರೆಗಳು ಸಾಗಿದಾಗ ಅವನೂ ಗುಂಪಿನಲ್ಲಿ ನಿಂತು ಬೆರಗಾಗಿದ್ದಿರಬೇಕು. ಆ ಬೆರಗಿನ ಬೆಲೆಯನ್ನು ಅವನು ಮೊದಲೇ ತೆತ್ತಿದ್ದ.

ಇಂದಿನ ಪಂದ್ಯದ ಮೈದಾನದಲ್ಲಿ ಈ ಲೆಕ್ಕ ಹೇಗಿದೆ? ಮೈಸೂರಿನ ರೇಸ್ ಕ್ಲಬ್ಬು 1891ರದು, ಬೆಂಗಳೂರಿನ ಟರ್ಫ್ ಕ್ಲಬ್ಬು 1921ರದು. ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು. ಆ ಕೌಶಲವನ್ನು ನಾನು ಅಲ್ಲಗಳೆಯುವುದಿಲ್ಲ. ಸವಾರ, ತರಬೇತುದಾರ, ಲಾಯದಾಳು, ಲಾಳ ಕಟ್ಟುವವನು, ಪಶುವೈದ್ಯ — ಇವರೆಲ್ಲರ ಅನ್ನ ಅಲ್ಲಿದೆ. ಆದರೆ ಹತ್ತು ಕುದುರೆ ಓಡಿದರೆ ಮೊದಲು ಬರುವುದು ಒಂದೇ. ಮೇವಿನ ಖರ್ಚು ಮಾತ್ರ ಹತ್ತಕ್ಕೂ ತಪ್ಪದು. ಟೋಟಿನಲ್ಲಿ ಎಲ್ಲರ ಪಣವೂ ಒಂದೇ ರಾಶಿಗೆ ಬೀಳುತ್ತದೆ. ಅದರಿಂದ ತೆರಿಗೆಯನ್ನೂ ಕ್ಲಬ್ಬಿನ ಪಾಲನ್ನೂ ಕಳೆದ ಮೇಲೆ ಉಳಿದುದು ಗೆದ್ದವರಿಗೆ. 2023ರ ಅಕ್ಟೋಬರಿನಿಂದ ಪೂರ್ಣ ಪಣದ ಮೇಲೆ ಶೇಕಡ 28ರ ತೆರಿಗೆ ಬಂತು; 2025ರ ಸೆಪ್ಟೆಂಬರಿನಲ್ಲಿ ಅದು 40ಕ್ಕೇರಿತು. ಹೀಗಿರುವಾಗ ಮೈದಾನದ ನಿಜವಾದ ಬಂಡವಾಳಗಾರನು ಯಾರು? ಕಟ್ಟೆಯ ಮೇಲೆ ಚೀಟಿ ಹಿಡಿದು ನಿಂತ ಪ್ರೇಕ್ಷಕನೇ. ಅವನು ಸೋಲದಿದ್ದರೆ ಮೈದಾನ ನಡೆಯದು.

ನಮ್ಮ ಸೀಮೆ ಒಮ್ಮೆ ಜೂಜಾಡಿ ಪಾಠ ಕಲಿತಿದೆ. ಸಂಡೂರಿನ ಗುಡ್ಡಗಳ ಅದಿರು ಕೆಲವರನ್ನು ಹಗಲು ಕಳೆಯುವುದರೊಳಗೆ ಸಿರಿವಂತರನ್ನಾಗಿ ಮಾಡಿತು. 2011ರಲ್ಲಿ ನ್ಯಾಯಾಲಯ ಗಣಿಗಾರಿಕೆಯನ್ನು ತಡೆದಾಗ ಸಾಲ ತೆಗೆದು ಲಾರಿ ಕೊಂಡಿದ್ದವರ ಅಂಗಳದಲ್ಲಿ ಉಳಿದದ್ದು ನಿಂತ ಗಾಲಿಗಳು. ಬೇಗ ಬರುವ ಹಣದ ಆಸೆಯನ್ನು ಇಲ್ಲಿ ಮತ್ತೆ ಬಿತ್ತುವವರು ಇದನ್ನು ಮರೆಯಬಾರದು. ಕಂಪ್ಲಿಯ ಕಡೆಯ ನೀರಾವರಿ ಗದ್ದೆಗಳಂತೂ ಓಟದ ಹಾದಿಗೆ ಬಲಿಯಾಗಲೇಕೂಡದು. ಭತ್ತ ಬೆಳೆಯುವ ನೆಲಕ್ಕಿಂತ ಸ್ಥಿರವಾದ ಬಂಡವಾಳವನ್ನು ನಾನು ಕಾಣೆ. ವಿಶ್ವಪರಂಪರೆಯ ಪಟ್ಟಿಗೆ 1986ರಲ್ಲಿ ಸೇರಿದ ಹಂಪಿಯ ಸುತ್ತಣ ನೆಲದ ಮಾತನ್ನು ಎತ್ತುವುದೇ ಬೇಡ.

ಹಾಗೆಂದು ಕುದುರೆಯೇ ಬೇಡವೆನ್ನಲಾರೆ. ಕುಮಾರರಾಮನ ಕಥೆಯನ್ನು ಹೇಳಿಕೊಂಡು ಬಂದ ಕಂಪಿಲಿಯ ನೆಲ ಇದು. ಇಲ್ಲಿಯ ಮಕ್ಕಳು ಕುದುರೆಯನ್ನು ಕಲ್ಲಿನಲ್ಲಿ ಮಾತ್ರ ನೋಡಬೇಕೇ? ಪಾಳುನೆಲದಲ್ಲಿ ಒಂದು ಸವಾರಿಯ ಶಾಲೆ, ಹಬ್ಬಕ್ಕೊಂದು ಪಣವಿಲ್ಲದ ಓಟ, ಓಡಲಾರದ ಮುದಿ ಕುದುರೆಗಳಿಗೊಂದು ಲಾಯ, ಎಲ್ಲರೂ ನೋಡಬಹುದಾದ ಲೆಕ್ಕಪುಸ್ತಕ — ಇಷ್ಟಿದ್ದರೆ ಹಣ ಹಾಕುವವರನ್ನು ನಾನೂ ಸ್ವಾಗತಿಸುವೆ. ಲಾಭ ಕಡಿಮೆ ಬಂದೀತು. ಆದರೆ ಪ್ರೇಕ್ಷಕನು ಬರಿಗೈಯಲ್ಲಿ ಮನೆಗೆ ಹೋಗಲಾರ.

ಆ ಹುಡುಗನಿಗೆ ಅಂದು ಇಷ್ಟನ್ನೆಲ್ಲ ಹೇಳಲಾಗಲಿಲ್ಲ. “ಮೊದಲು ಸತ್ತ ಕುದುರೆಯ ಬಾಲಕ್ಕೆ ಬೆಲೆ ತೆತ್ತವರು ಯಾರೆಂದು ಓದಿ ಬಾ” ಎಂದೆ. ವಾರದ ಮೇಲೆ ಬಂದು, “ನಮ್ಮ ಅಜ್ಜಂದಿರೇ ಸರ್” ಎಂದ. ಉತ್ತರ ಸರಿಯಾಗಿತ್ತು. ಮುಂದಿನ ಬೆಲೆ ಅವನ ಮಕ್ಕಳ ಮೇಲೆ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.